ವಸಡು ಮುಚ್ಚಿಕೊಂಡ ಮೂರು ದಿನ

ಡಾಕ್ಟರು ‘ಬ್ಯೂಟಿಫುಲ್’ ಅಂತ ಬರೆದದ್ದು ವಸಡಿನ ಬಗ್ಗೆ, ಹೆಂಡತಿಯ ಬಗ್ಗೆ ಅಲ್ಲ ಎನ್ನುವುದು ಹಾಲೇಶನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಶಬ್ದವನ್ನು ರೇಂಜ್ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನಾಲ್ಕು ಸಲ ಓದಿದ. ಎಸ್ಟೇಟಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೇಲಿನ ಈ ಬಂಡೆಯಲ್ಲಿ ಮಾತ್ರ. ಹಾಗಾಗಿ ಎಲ್ಲರ ಬಾಯಲ್ಲೂ ಅದು ರೇಂಜ್ ಬಂಡೆ. ಎಸ್ಟೇಟಿನ ಹಾಜರಿ, ಲೆಕ್ಕ ನೋಡುವ ರೈಟರ್ ಆದವನು ದಿನಕ್ಕೆ ಎರಡು ಸಲ, ಬೆಳಿಗ್ಗೆ ಹಾಜರಿ ಕೂಗಿದ ಮೇಲೆ ಒಮ್ಮೆ, ಸಂಜೆ ಕೆಲಸ ಬಿಟ್ಟ ಮೇಲೆ ಒಮ್ಮೆ, ಇಲ್ಲಿಗೆ ಹತ್ತಿ ಬಂದು ಚಿಕ್ಕಮಗಳೂರಿನಲ್ಲಿರುವ ಯಜಮಾನ ಗೌಡರಿಗೆ ತೋಟದ ಯಾವ ಬ್ಲಾಕಿನಲ್ಲಿ ಯಾವ ಕೆಲಸ, ಮಳೆ ಬಿದ್ದಿದ್ದರೆ ಎಷ್ಟು ಇಂಚು ಎಂದು ಕಳಿಸಬೇಕು. ಹತ್ತಿ ಬರಲಾಗದ ಲೈನ್ ಮನೆಯ ಆಳುಗಳಿಗೆ ಬರುವ ಸುದ್ದಿಗಳೂ ಅವನ ಫೋನಿಗೇ ಬರುತ್ತಿದ್ದವು. ಬಂದದ್ದನ್ನು ಓದಿಕೊಂಡು ಕೆಳಗಿಳಿದು ಬಾಯಲ್ಲಿ ಹೇಳುವುದು ರೈಟರ ಕೆಲಸ ಎಂದು ಯಾರೂ ನಿಯಮ ಮಾಡದೆ ನಿಯಮವಾಗಿಬಿಟ್ಟಿತ್ತು. ಯಾರ ಅಳಿಯ ಹೊರನಾಡಿನಿಂದ ಯಾವ ಬಸ್ಸಿಗೆ ಬರುತ್ತಾನೆ, ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ತಮ್ಮ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಹದಿನಾಲ್ಕು ವರ್ಷದಲ್ಲಿ ಒಂದು ಸುದ್ದಿಯನ್ನೂ ಅವನು ಹೆಚ್ಚು ಮಾಡಿ ಹೇಳಿರಲಿಲ್ಲ, ಕಡಿಮೆ ಮಾಡಿ ಹೇಳಿರಲಿಲ್ಲ. ಅದೊಂದು ಹೆಮ್ಮೆ ಅವನಿಗಿತ್ತು.

ಆ ‘ಬ್ಯೂಟಿಫುಲ್’ ಬಂದ ಫೋಟೋ ತೆಗೆದವನೂ ಅವನೇ. ಪ್ರತಿ ಭಾನುವಾರ ಬೆಳಿಗ್ಗೆ, ಬಿಸಿಲು ಅಡುಗೆಮನೆಯ ಕಿಟಕಿಗೆ ಬರುವ ಹೊತ್ತಿಗೆ, ಕುಸುಮಾ ಮಣೆಯ ಮೇಲೆ ಕೂತು ತಲೆ ಹಿಂದಕ್ಕೆ ಹಾಕುತ್ತಿದ್ದಳು. ತೊಳೆದ ಎರಡು ಚಮಚ. ಒಂದರ ಹಿಡಿಯಿಂದ ಮೇಲ್ದುಟಿಯ ಬಲಭಾಗವನ್ನು ಅವಳು ಎತ್ತಿ ಹಿಡಿಯಬೇಕು, ಇನ್ನೊಂದರಿಂದ ಎಡಭಾಗವನ್ನು ಇವನು, ಬಲಗೈಯಲ್ಲಿ ಫೋನು. ಡಾಕ್ಟರೇ ಹೇಳಿಕೊಟ್ಟ ಉಪಾಯ ಇದು. ತುಟಿ ಮೇಲಕ್ಕೆ ಹೋದ ಕೂಡಲೇ ಹೆಂಡತಿಯ ಮುಖ ಅವನು ಕಂಡಿರದ ಯಾವುದೋ ಮುಖವಾಗುತ್ತಿತ್ತು: ಹಲ್ಲು, ಹಲ್ಲಿನ ಮೇಲೆ ಒದ್ದೆ ಗುಲಾಬಿ ಬಣ್ಣದ ವಸಡು, ಮೇಲೆ ಮಿಟುಕಿಸದ ಎರಡು ಕಣ್ಣು. “ಸರಿ ಬಂತನಾ?” ಎಂದು ತುಟಿ ಆಡಿಸದೆ ಕೇಳುತ್ತಿದ್ದಳು. ಮದುವೆಯಾಗಿ ಹದಿನೇಳು ವರ್ಷಕ್ಕೆ ಹೆಂಡತಿಯ ತುಟಿ ಎತ್ತಿ ಹಿಡಿದು, ಫೋಟೋ ತೆಗೆದು, ಬಂಡೆ ಹತ್ತಿ ಇನ್ನೊಬ್ಬ ಗಂಡಸಿಗೆ ಕಳಿಸುವ ಗಂಡ ಈ ತಾಲ್ಲೂಕಿನಲ್ಲಿ ತಾನೊಬ್ಬನೇ ಇರಬೇಕು ಎಂದುಕೊಳ್ಳುತ್ತ ಅವನು ಒತ್ತುತ್ತಿದ್ದ. ಮಸುಕಾದರೆ ಮತ್ತೊಂದು.

ಡಾಕ್ಟರ್ ಧರ್ಮೇಶ್. ಕಳಸದ ಕಡೆಯ ಹುಡುಗ, ಮೂವತ್ತೆರಡೋ ಮೂವತ್ತಮೂರೋ, ಮೂಡಿಗೆರೆಯಲ್ಲಿ ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು. ಕುಸುಮಾಳ ಮುಂದಿನ ಹಲ್ಲು ಮುರಿದು ಬೇರನ್ನು ಕಿತ್ತ ಮೇಲೆ, ಗಾಯ ಮಾಗುವವರೆಗೆ ಕಾಯಿಸಿ, ಆಚೀಚೆಯ ಎರಡು ಹಲ್ಲನ್ನು ಸಣ್ಣಗೆ ಅರೆದು, ಮೂರು ಹಲ್ಲು ಒಟ್ಟಿಗಿರುವ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಸೆಟ್ಟೊಂದನ್ನು ಅಂಟಿಸಿದ್ದರು. ಇದು ಹಾಕಿಕೊಂಡಿರುವುದಕ್ಕಲ್ಲ, ವಸಡಿಗೆ ಪಾಠ ಹೇಳುವುದಕ್ಕೆ ಎಂದು ನಕ್ಕಿದ್ದರು. ನಡುವಿನ ಹಲ್ಲಿನ ಬುಡ ಕೋಳಿಮೊಟ್ಟೆಯ ತುದಿಯ ಹಾಗೆ ದುಂಡಗಿತ್ತು; ಅದು ಖಾಲಿ ಜಾಗದ ವಸಡನ್ನು ಮೆಲ್ಲಗೆ ಒತ್ತಬೇಕು. ಹದಿನೈದು ದಿನಕ್ಕೊಮ್ಮೆ ತೆಗೆದು ಬುಡಕ್ಕೆ ಕೂದಲೆಳೆಯಷ್ಟು ಸೇರಿಸಿ ಮತ್ತೆ ಕೂರಿಸುವುದು. ಕೂರಿಸಿದೊಡನೆ ವಸಡು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ರಕ್ತ ಮರಳಿ ಗುಲಾಬಿಯಾದರೆ ಸರಿ, ಆಗದಿದ್ದರೆ ಒತ್ತಿದ್ದು ಜಾಸ್ತಿಯಾಯಿತು, ಕಡಿಮೆ ಮಾಡಬೇಕು. ಹೀಗೆ ಮೂರು ತಿಂಗಳು ಒತ್ತಿದರೆ ಅಲ್ಲೊಂದು ಗುಳಿ ಬೀಳುತ್ತದೆ, ಹಲ್ಲುಗಳ ಸಂದಿಯಲ್ಲಿ ವಸಡಿನ ಪುಟ್ಟ ಮೊನೆಗಳು ಎದ್ದು ನಿಲ್ಲುತ್ತವೆ, ಆಮೇಲೆ ಕೂರಿಸುವ ಪಿಂಗಾಣಿ ಹಲ್ಲು ವಸಡಿನೊಳಗಿಂದಲೇ ಹುಟ್ಟಿ ಬಂದಂತೆ ಕಾಣುತ್ತದೆ. “ನಿಮಗೆ ಹೇಳ್ಬೇಕಾ ಹಾಲೇಶ್, ಕಾಫಿ ಗಿಡಕ್ಕೆ ಆಕಾರ ಕೊಡ್ತೀರಲ್ಲ, ಹಂಗೆ” ಎಂದಿದ್ದರು ಡಾಕ್ಟರು. ಕಾಫಿ ಗಿಡಕ್ಕೆ ಆಕಾರ ಕೊಡುವುದು ಕತ್ತರಿಸಿ, ಒತ್ತಿ ಅಲ್ಲ ಎಂದು ಹೇಳಬೇಕೆನಿಸಿತು. ಮಡಿಲಲ್ಲಿ ಹೆಂಡತಿಯ ಚೀಲ ಇಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ.

ಆ ಹತ್ತು ನಿಮಿಷಗಳು! ಡಾಕ್ಟರು ಒಂದು ಬೆರಳಿನಿಂದ ಅವಳ ತುಟಿಯನ್ನು ಮೇಲಕ್ಕೆ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಕುಸುಮಾ ಅವರ ಮುಖವನ್ನೇ ನೋಡುತ್ತಿದ್ದಳು. ಮಲಗಿದವಳು ಇನ್ನೆಲ್ಲಿ ನೋಡಬೇಕು ಪಾಪ, ಸೀಲಿಂಗಿನಲ್ಲಿ ಏನಿದೆ? ಆದರೂ ಹಾಲೇಶ ಮಡಿಲಿನ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದ. “ಬಂತು, ಬಂತು, ನೋಡಿ ಬನ್ನಿ ಹಾಲೇಶ್, ಬಣ್ಣ ಬಂತು” ಎಂದು ಮಗುವಿನಂತೆ ಕರೆಯುತ್ತಿದ್ದರು. ಎದ್ದು ಹೋಗಿ ಬಗ್ಗಿ ನೋಡಬೇಕು. ನೋಡಿ “ಹೌದು ಸಾರ್” ಅನ್ನಬೇಕು. ಆಮೇಲೆ ಅವಳನ್ನು ಕೂರಿಸಿ ಕೈಗೆ ಕನ್ನಡಿ ಕೊಟ್ಟು, “ಎಲ್ಲಿ, ನಗಿ. ಇಷ್ಟೇನಾ? ಇನ್ನೂ ಸ್ವಲ್ಪ. ಮನಸ್ಸು ಬಿಚ್ಚಿ ನಗಿ ಕುಸುಮಾ ಅವ್ರೇ, ತುಟಿ ಎಲ್ಲೀವರೆಗೆ ಹೋಗತ್ತೆ ನೋಡ್ಬೇಕು ನಾನು.” ಅವಳು ನಗುತ್ತಿದ್ದಳು. ಕೇಳಿದರೆ ನಗುತ್ತಾಳೆ! ಹದಿನೇಳು ವರ್ಷ ಕೇಳದೆ ಇದ್ದದ್ದು ತನ್ನ ತಪ್ಪೋ ಎನ್ನುವ ಪ್ರಶ್ನೆಯನ್ನು ಅವನು ಆ ಸ್ಟೂಲಿನ ಮೇಲೆ ಒಂದು ಸಲ ಎತ್ತಿ ನೋಡಿ ಕೆಳಗಿಟ್ಟಿದ್ದ.

ಆ ಹಲ್ಲು ಮೊದಲಿಂದಲೂ ಕಪ್ಪು. ಹನ್ನೊಂದು ವರ್ಷದವಳಿದ್ದಾಗ ಕಾಫಿ ಒಣಗಿಸುವ ಕಣದಲ್ಲಿ ಓಡಿ ಜಾರಿ ಬಿದ್ದು ಹಲ್ಲಿನ ಜೀವ ಹೋಗಿತ್ತಂತೆ. ಅಂದಿನಿಂದ ಅವಳ ಬಲಗೈ ಮುಖದ ಒಂದು ಅಂಗದಂತಾಗಿಬಿಟ್ಟಿತ್ತು. ಮಾತಾಡುವಾಗ ಗಲ್ಲದ ಹತ್ತಿರ, ನಗುವಾಗ ಬಾಯ ಮೇಲೆ. ಹೆಣ್ಣು ನೋಡಲು ಹೋದ ದಿನ ಅವಳು ಹಾಗೆ ಬಾಯಿ ಮುಚ್ಚಿಕೊಂಡದ್ದನ್ನು ನಾಚಿಕೆ ಎಂದುಕೊಂಡವನಿಗೆ ಆಮೇಲೆ ಲೋಟ ಕೊಡುವಾಗ ಒಂದು ಕ್ಷಣ ಕಪ್ಪು ಕಂಡಿತು. ಆಗ ತನಗೆ ಅನ್ನಿಸಿದ್ದು ಏನು ಎನ್ನುವುದನ್ನು ಅವನು ಯಾರಿಗೂ ಹೇಳಿಲ್ಲ. ಕರುಣೆ ಅಲ್ಲವೇ ಅಲ್ಲ. ನೆಮ್ಮದಿ. ಇವಳನ್ನು ಯಾರೂ ತಿರುಗಿ ನೋಡುವುದಿಲ್ಲ ಎನ್ನುವ ಹಲ್ಕಾ ನೆಮ್ಮದಿ. ಮದುವೆಯಾದ ಎರಡನೇ ತಿಂಗಳು, ಒಂದು ಸಂಜೆ, ಅವನು ಹೇಳಿದ ಯಾವುದೋ ತಿಕ್ಕಲು ಮಾತಿಗೆ ಅವಳು ಕೈ ಎತ್ತದೆ ನಕ್ಕಳು. ಬಾಯಿ ತುಂಬ, ಕಪ್ಪು ಹಲ್ಲು ಎದ್ದು ಕಾಣುವಂತೆ. ಅಂದಿನಿಂದ ಜಗತ್ತಿನಲ್ಲಿ ಆ ಬರಿಬಾಯಿಯ ನಗು ಕಂಡವನು ತಾನೊಬ್ಬನೇ. ಈಗ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ರಕ್ಷಾಳ ಎದುರು ಸಹ ಆ ಕೈ ಅರ್ಧಕ್ಕೆ ಏಳುತ್ತಿತ್ತು. ಏಳೆಂಟು ವರ್ಷದ ಹಿಂದೆ ಅವಳು ಹಲ್ಲು ಸರಿಮಾಡಿಸಿಕೊಳ್ಳಬೇಕು ಎಂದಾಗ ಅವನು ಅನ್ನದ ತಟ್ಟೆಯಿಂದ ತಲೆ ಎತ್ತದೆ, “ಯಾರಿಗೆ ತೋರ್ಸಕ್ಕೆ?” ಅಂದಿದ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಕೊನೆಗೆ ಹಲ್ಲೇ ಎತ್ತಿತು, ಹೋದ ದೀಪಾವಳಿಯಲ್ಲಿ ಚಕ್ಕುಲಿ ಕಚ್ಚಿದಾಗ ಅಡ್ಡಕ್ಕೆ ಮುರಿದುಕೊಂಡು.

ಲೈನ್ ಮನೆಗಳ ಪಕ್ಕದ ಅಂಗನವಾಡಿಯಲ್ಲಿ ಅವಳು ಟೀಚರ್. ಅಲ್ಲಿನ ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದೇ ಪದ್ಯ ಹೇಳುತ್ತಿದ್ದವು, ಪದ್ಯ ಹೇಳುವುದೆಂದರೆ ಹಾಗೇ ಎಂದು ತಿಳಿದಿದ್ದವು ಪಾಪದವು. ಸೂಪರ್‌ವೈಸರ್ ಬಂದು ನೋಡಿ, “ಇದೆಂಥದ್ರೀ ಟೀಚರ್, ಮಕ್ಕಳಿಗೆಲ್ಲ ಹಲ್ಲುನೋವಾ?” ಎಂದು ನಕ್ಕಿದ್ದರಂತೆ. ಜನವರಿ ಮುಗಿಯುವ ಹೊತ್ತಿಗೆ ಮಕ್ಕಳ ಕೈಗಳು ಒಂದೊಂದಾಗಿ ಕೆಳಗಿಳಿದವು. ಸಹಾಯಕಿ ನಂಜಮ್ಮ ಹಾಜರಿ ಹೊತ್ತಿನಲ್ಲಿ ಎಲ್ಲರೆದುರು, “ರೈಟರೇ, ನಿಮ್ಮ ಮನೆಯವ್ರು ನಗೋದು ಕೇಳಿದ್ರೆ ಕಣದಲ್ಲಿದ್ದೋರು ಕೆಲ್ಸ ಬಿಟ್ಟು ನಿಲ್ತಾರೆ ಮಾರಾಯ್ರೇ” ಅಂದಳು. ಹೊಗಳಿಕೆಯೇ. ಅವನಿಗೆ ಕಿವಿ ಬಿಸಿಯಾಯಿತು. ಮೂಡಿಗೆರೆ ಬಸ್ಸಿನ ಕಂಡಕ್ಟರ್ ಗುರುವಯ್ಯ, ಹತ್ತು ವರ್ಷದಿಂದ ಅದೇ ಜೋಕನ್ನು ಅದೇ ಗೋಣಿಬೀಡು ತಿರುವಿನಲ್ಲಿ ಹೇಳುತ್ತಿದ್ದವನು, ಮೊನ್ನೆ ಹೇಳಿದಾಗ ಕುಸುಮಾ ತಲೆ ಹಿಂದಕ್ಕೆ ಹಾಕಿ ನಕ್ಕುಬಿಟ್ಟಳು. ಕೈ ಮಡಿಲಲ್ಲೇ ಇತ್ತು. ಹಾಲೇಶ ಅದನ್ನು ನೋಡಿದ: ಚೀಟಿ ಹಿಡಿದ ಕೈ, ಮಡಿಲಲ್ಲಿ, ಸುಮ್ಮನೆ ಬಿದ್ದಿದೆ. ಇಡೀ ಬಸ್ಸಿಗೆ ಹಂಚಿಬಿಟ್ಟಳಲ್ಲ ಎನಿಸಿತು. ತನ್ನದೊಂದು ಇತ್ತು, ಅದೂ ಹೋಯಿತು.

ಇಂಥ ಸ್ಥಿತಿಯಲ್ಲಿ ಆ ಶುಕ್ರವಾರ ಬಂತು. ಫೆಬ್ರವರಿ ಕೊನೆ, ರೊಬಸ್ಟಾ ಕಾಫಿಯ ಹೂವಿಗೆ ನೀರು ಕೊಡುವ ಸಮಯ, ಸ್ಪ್ರಿಂಕ್ಲರ್ ಪೈಪು ಬ್ಲಾಕಿನಿಂದ ಬ್ಲಾಕಿಗೆ ಬದಲಾಯಿಸುವ ಗಡಿಬಿಡಿ. ಬೆಳಿಗ್ಗೆ ತಿಂಡಿ ತಿನ್ನುತ್ತ ಕುಸುಮಾ ಒಮ್ಮೆಲೇ ತಟ್ಟೆ ಬಿಟ್ಟು ಎದ್ದಳು. ಅಂಗೈಯಲ್ಲಿ ಮೂರು ಹಲ್ಲಿನ ಸೆಟ್ಟು. ಅಂಟು ಕರಗಿ ಕಳಚಿಕೊಂಡಿತ್ತು, ಮುರಿದಿರಲಿಲ್ಲ. “ಅಯ್ಯೋ, ಈಗೆಂಥ ಮಾಡದು? ಡಾಕ್ಟ್ರಿಗೆ ಕೇಳಿ, ಬೇಗ ಹೋಗಿ” ಎಂದಳು, ಬಾಯಿಗೆ ಕೈ ಅಡ್ಡ ಹಿಡಿದು, ಇವನೆದುರು ಎಂದು ನೆನಪಾಗಿ ಮತ್ತೆ ತೆಗೆದು. ಅರೆದ ಎರಡು ಮೊಂಡು ಹಲ್ಲುಗಳ ನಡುವೆ ವಸಡಿನಲ್ಲಿ ಬಟ್ಟಲಿನಂಥ ಗುಳಿ, ಆಚೀಚೆ ಎರಡು ಮೊನೆ. ಎಷ್ಟು ಚೊಕ್ಕವಾಗಿತ್ತು! ಇನ್ನೆರಡು ವಾರಕ್ಕೆ ಅಚ್ಚು ತೆಗೆದು ಪಿಂಗಾಣಿ ಹಲ್ಲಿಗೆ ಕಳಿಸುವುದೆಂದು ಡಾಕ್ಟರು ಹೇಳಿದ್ದರು. ಚಮಚ ಹಿಡಿದು ಒಂದು ಫೋಟೋ ತೆಗೆದುಕೊಂಡು ಅವನು ಬಂಡೆ ಹತ್ತಿದ.

ಕಳಿಸಿ ಎರಡು ನಿಮಿಷಕ್ಕೆ ಉತ್ತರ ಬಂತು. ಬರಹವಲ್ಲ, ಧ್ವನಿ. “ಕುಸುಮಾ ಅವ್ರೇ, ಗಾಬರಿ ಆಗ್ಬೇಡಿ. ಅದನ್ನ ತೊಳ್ದು ಒಳಗೆ ಚೂರು ವ್ಯಾಸಲೀನ್ ಹಚ್ಚಿ ಅಲ್ಲೇ ಕೂರಿಸ್ಕೊಂಡು ಇವತ್ತೇ ಬಂದ್ಬಿಡಿ. ಎಷ್ಟು ಹೊತ್ತಾದ್ರೂ ಇರ್ತೀನಿ. ತೆಗೆದು ಮಾತ್ರ ಇಡ್ಬೇಡಿ. ಒಂದು ದಿನ ಬಿಟ್ರೂ ವಸಡು ಮುಚ್ಕೊಳ್ಳಕ್ಕೆ ಶುರುಮಾಡತ್ತೆ, ಮೊನೆ ಕುಸಿದ್ರೆ ವಾಪಸ್ ಏಳತ್ತೆ ಅಂತ ಹೇಳಕ್ಕಾಗಲ್ಲ. ಇಷ್ಟು ಚೆಂದ ಬಂದಿದೆ, ನಾನೂ ಇಷ್ಟು ಚೆಂದ ಯಾರಿಗೂ ಮಾಡಿಲ್ಲ. ಬನ್ನಿ.” ಹಾಲೇಶ ಮತ್ತೊಮ್ಮೆ ಕೇಳಿದ. ಕುಸುಮಾ ಅವ್ರೇ. ಕಳಿಸಿದ್ದು ಇವನ ಫೋನಿಗೆ, ಹತ್ತಿದವನು ಇವನು, ಬೆವರುತ್ತಿರುವವನು ಇವನು. ಆ ಧ್ವನಿ ಮಾತ್ರ ಇವನನ್ನು ಬಾಗಿಲ ಚಿಲಕದಂತೆ ಸರಿಸಿ ನೇರ ಒಳಗೆ ಹೋಗುತ್ತದೆ. ನಾನೂ ಇಷ್ಟು ಚೆಂದ ಯಾರಿಗೂ ಮಾಡಿಲ್ಲ. ಮೂರನೇ ಸಲ ಕೇಳಿದ. ಎಂಥ ಮನುಷ್ಯನಪ್ಪಾ ನಾನು ಎಂದುಕೊಳ್ಳುತ್ತಲೇ ನಾಲ್ಕನೇ ಸಲ. ಕೆಳಗೆ ಮೂರನೇ ಬ್ಲಾಕಿನಲ್ಲಿ ಸ್ಪ್ರಿಂಕ್ಲರು ಟಕಟಕ ತಿರುಗುತ್ತಿತ್ತು. ಅವನು ಯೋಜನೆ ಹಾಕಿದವನಲ್ಲ, ದೇವರಾಣೆಗೂ. ಇಳಿದು ಬರುವಾಗ ಅರ್ಧ ದಾರಿಯವರೆಗೂ ಮಾತನ್ನು ಇದ್ದ ಹಾಗೆಯೇ ಹೇಳುವವನಿದ್ದ.

“ಎಂಥ ಅಂದ್ರು?” ಬಾಗಿಲಲ್ಲೇ ನಿಂತಿದ್ದಳು.

“ಸೋಮವಾರ ಬನ್ನಿ ಅಂದ್ರು. ಊರಲ್ಲಿಲ್ವಂತೆ.”

“ಇದನ್ನ ಹಾಕ್ಕೊಂಡಿರದಾ?”

“ಬೇಡ್ವಂತೆ. ತೊಳ್ದು ಡಬ್ಬೀಲಿ ಇಟ್ಟಿರಿ ಅಂದ್ರು. ವಸಡಿಗೂ ಸ್ವಲ್ಪ ಗಾಳಿ ಆಡ್ಲಿ ಅಂತ.”

ಗಾಳಿ ಆಡಲಿ! ಅದನ್ನು ಎಲ್ಲಿಂದ ತಂದ? ನಾಲಿಗೆ ತಾನೇ ಹುಟ್ಟಿಸಿಕೊಂಡಿತು. ಅವಳು ಒಂದು ಕ್ಷಣ ಅವನನ್ನು ನೋಡಿದಳು. ಸಂಶಯದಿಂದಲ್ಲ, ಸುದ್ದಿಯನ್ನು ಒಳಗೆ ಇಳಿಸಿಕೊಳ್ಳುವ ನೋಟ. ಲೈನ್ ಮನೆಯವರೆಲ್ಲ ಅವನು ಬಂಡೆಯಿಂದ ತಂದ ಸುದ್ದಿಯನ್ನು ಹಾಗೆಯೇ ನೋಡುತ್ತಿದ್ದರು. “ಹಂಗಾದ್ರೆ ಸರಿ” ಎಂದು ಸೆಟ್ಟನ್ನು ತೊಳೆದು, ಮಗಳ ಹಳೆಯ ಕಿವಿಯೋಲೆಯ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಮುಚ್ಚಿದಳು.

ಆ ಮೂರು ದಿನ ಅವನು ಸುಖವಾಗಿದ್ದ. ಹೇಳಲು ನಾಚಿಕೆಯಾಗಬೇಕು, ಆದರೆ ಸುಖವಾಗಿದ್ದ. ಕುಸುಮಾ ಅಂಗನವಾಡಿಗೆ ರಜೆ ಹಾಕಿದಳು. ನಂಜಮ್ಮ ಬಾಗಿಲಿಗೆ ಬಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ಎರಡೇ ಮಾತಿನಲ್ಲಿ ಕಳಿಸಿದಳು. ಒಳಗೆ ಬಂದು ಸೆರಗು ಬಿಟ್ಟಳು. ಅವನೆದುರು ಮಾತ್ರ. ಮತ್ತೆ ಹಳೆಯದೆಲ್ಲ ತಿರುಗಿ ಬಂದಿತ್ತು. ಅರೆದ ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತದೆ ಎಂದು ಅವನು ನೀರು ಕಾಯಿಸಿ ಕೊಟ್ಟ, ತಾನೇ ಗಂಜಿ ಬೇಯಿಸಿದ, ಮಧ್ಯಾಹ್ನ ಪೈಪು ಬದಲಾಯಿಸಲು ಆಳುಗಳನ್ನು ಕಳಿಸಿ ಮನೆಗೆ ಓಡಿ ಬಂದ. “ಎಂಥಕ್ಕೆ ಇಷ್ಟು ಸಲ ಬರ್ತೀರಿ, ನಾನೇನು ಬಾಣಂತಿಯಾ?” ಎಂದು ಅವಳು ಬೋಡುಬಾಯಿ ಬಿಟ್ಟು ನಕ್ಕಳು, ‘ಸ’ ಎನ್ನುವುದು ಸೀಟಿಯಾಗಿ ಹೊರಟು ಅದಕ್ಕೆ ಇನ್ನಷ್ಟು ನಕ್ಕಳು. ಇಬ್ಬರೂ ನಕ್ಕರು. ಹದಿನೇಳು ವರ್ಷದಲ್ಲಿ ಅವಳನ್ನು ಇಷ್ಟು ಚೆನ್ನಾಗಿ ನೋಡಿಕೊಂಡದ್ದಿಲ್ಲ ಎಂದು ಅವನಿಗೇ ಅನ್ನಿಸಿತು. ಅವಳೂ ಅದನ್ನೇ ಹೇಳಿದಳು, ಶನಿವಾರ ಮಧ್ಯಾಹ್ನ, ಜಗಲಿಯಲ್ಲಿ ಕೂತು, “ನೀವು ಹಿಂಗಿದ್ರೆ ಹಲ್ಲು ದಿನಾ ಬೀಳ್ಲಿ.” ಅವನು ಎದ್ದು, ಮಾಡಲು ಏನೂ ಇಲ್ಲದೆ, ಹಿತ್ತಲಿಗೆ ಹೋಗಿ ನಿಂತ.

ಶನಿವಾರ ಸಂಜೆ ಬಂಡೆಯ ಮೇಲೆ ಇನ್ನೊಂದು ಧ್ವನಿ ಕಾದಿತ್ತು. “ಕುಸುಮಾ ಅವ್ರೇ, ನಿನ್ನೆ ಬರಲೇ ಇಲ್ವಲ್ಲ. ನಾಳೆ ಭಾನುವಾರ, ಕ್ಲಿನಿಕ್ ಇರಲ್ಲ, ಪರ್ವಾಗಿಲ್ಲ, ನಿಮಗೋಸ್ಕರ ತೆರೀತೀನಿ. ದಯವಿಟ್ಟು ಬನ್ನಿ.” ಇನ್ನೂ ಕೈ ಮೀರಿರಲಿಲ್ಲ. ಈಗ ಇಳಿದು ಹೋಗಿ, ಡಾಕ್ಟರು ಊರಿಗೆ ಬಂದಿದ್ದಾರಂತೆ, ನಾಳೆಯೇ ಹೋಗೋಣ ಎಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟು ಸುಲಭದ ಬಾಗಿಲು ತೆರೆದಿತ್ತು. ಆದರೆ ಅವನು ಧ್ವನಿಯನ್ನು ಹಿಂದಕ್ಕೆ ಎಳೆದು ನಿಮಗೋಸ್ಕರ ಎನ್ನುವ ಶಬ್ದವನ್ನು ಮತ್ತೆ ಕೇಳಿದ. ಭಾನುವಾರ, ಖಾಲಿ ಕ್ಲಿನಿಕ್ಕಿನಲ್ಲಿ, ಅವಳೊಬ್ಬಳಿಗೋಸ್ಕರ ದೀಪ ಹಾಕಿ, ಆ ಬೆರಳಲ್ಲಿ ತುಟಿ ಎತ್ತಿ, ಮೂಲೆಯ ಸ್ಟೂಲಿನಲ್ಲಿ ತಾನು. ‘ಸ್ಪ್ರಿಂಕ್ಲರ್ ಇದೆ ಸಾರ್, ಸೋಮವಾರ ಬರುತ್ತೇವೆ’ ಎಂದು ಟೈಪು ಮಾಡಿ ಕಳಿಸಿ, ಗೌಡರಿಗೆ ಮೂರನೇ ಬ್ಲಾಕು ಮುಗಿಯಿತು ಎಂದು ಬರೆದು, ಇಳಿದ.

ಭಾನುವಾರ ಬೆಳಿಗ್ಗೆ ಬಿಸಿಲು ಕಿಟಕಿಗೆ ಬಂದಾಗ ಅವಳು ಅಭ್ಯಾಸದಂತೆ ಚಮಚ ತೊಳೆದುಕೊಂಡು ಮಣೆಯ ಮೇಲೆ ಕೂತಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ತುಟಿ ಎತ್ತಿದ. ಶುಕ್ರವಾರದ ಬಟ್ಟಲು ಇರಲಿಲ್ಲ. ತಳ ಉಬ್ಬಿ ಮೇಲೆ ಬಂದು ಬರೀ ಒಂದು ತಗ್ಗು ಉಳಿದಿತ್ತು. ಬಲದ ಮೊನೆ ಬಾಡಿದಂತಿತ್ತು, ಎಡದ ಮೊನೆಯನ್ನು ಹುಡುಕಬೇಕಿತ್ತು. ಬೆರಳ ತುದಿಯಷ್ಟು ಮಾಂಸ, ಅಷ್ಟೇ. ಅದು ಮೂರು ತಿಂಗಳು ಇನ್ನೊಬ್ಬ ಹೇಳಿಕೊಟ್ಟದ್ದನ್ನೆಲ್ಲ ಎರಡು ದಿನದಲ್ಲಿ ಮರೆತುಬಿಟ್ಟಿತ್ತು. ನಿಜ ಹೇಳಬೇಕೆಂದರೆ ಮೊದಲ ಗಳಿಗೆಯಲ್ಲಿ ಅವನಿಗೆ ಗೆದ್ದೆ ಅನ್ನಿಸಿತು. ಮರುಗಳಿಗೆಯಲ್ಲೇ ಹೆದರಿಕೆಯಾಯಿತು. “ಹೆಂಗಿದೆ?” ಎಂದು ತುಟಿ ಆಡಿಸದೆ ಕೇಳಿದಳು. “ಚೆನ್ನಾಗಿದೆ” ಅಂದ. ಅವಳ ಕಣ್ಣು ನಂಬಿತು. ಆ ನಂಬಿಕೆಯನ್ನು ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ.

ಸೋಮವಾರ ಡಾಕ್ಟರು ದೀಪ ಎಳೆದುಕೊಂಡು ನೋಡಿದರು. ಡಬ್ಬಿಯಿಂದ ಸೆಟ್ಟನ್ನು ತೆಗೆದು ಕೂರಿಸಲು ನೋಡಿದರು, ಅದು ಕೂರಲಿಲ್ಲ. ಸ್ವಲ್ಪ ಒತ್ತಿದರು, ವಸಡು ಸುಣ್ಣದಂತೆ ಬೆಳ್ಳಗಾಗಿ ಅಂಚಿನಲ್ಲಿ ರಕ್ತ ಜಿನುಗಿತು, ಕುಸುಮಾಳ ಕಾಲ್ಬೆರಳು ಮಡಚಿಕೊಂಡವು. ಐದು ನಿಮಿಷ, ಹತ್ತು ನಿಮಿಷ, ಹದಿನೈದು. ಬಣ್ಣ ಮರಳಲಿಲ್ಲ. ಯಾರೂ ಹಾಲೇಶನನ್ನು ನೋಡಲು ಕರೆಯಲಿಲ್ಲ. ಡಾಕ್ಟರು ಅದನ್ನು ತೆಗೆದು, ಯಂತ್ರ ಹಿಡಿದು, ತಾವು ಕೂದಲೆಳೆಯಷ್ಟಷ್ಟೇ ಸೇರಿಸುತ್ತ ಬಂದ ಬುಡವನ್ನೆಲ್ಲ ತಾವೇ ಅರೆದು ಹಾಕಿದರು. ಬಿಳಿ ಪುಡಿ ಹಾರಿತು. ಅವರ ಮುಖ ಸಿಟ್ಟಿನದಾಗಿರಲಿಲ್ಲ, ಬೇಸರದ್ದಾಗಿತ್ತು. ಶಾಲೆಯ ಹುಡುಗನೊಬ್ಬ ಬಿಡಿಸಿದ ಚಿತ್ರದ ಮೇಲೆ ಯಾರೋ ನೀರು ಚೆಲ್ಲಿದಾಗಿನ ಮುಖ. ಹಾಲೇಶ ಅದರಲ್ಲಿ ತಾನು ಇಷ್ಟು ದಿನ ಹುಡುಕಿದ್ದನ್ನು ಹುಡುಕಿದ. ಕಾಣಲಿಲ್ಲ. ಆ ಮನುಷ್ಯ ಪ್ರೀತಿಸುತ್ತಿದ್ದದ್ದು ವಸಡನ್ನೇ.

“ಎರಡು ಸಲ ವಾಯ್ಸ್ ಕಳ್ಸಿದ್ನಲ್ಲ ಕುಸುಮಾ ಅವ್ರೇ” ಎಂದರು ಅರೆಯುತ್ತಲೇ. “ತೆಗೆದಿಡ್ಬೇಡಿ ಅಂದೆ, ಅವತ್ತೇ ಬನ್ನಿ ಅಂದೆ. ಭಾನುವಾರ ತೆರೀತೀನಿ ಅಂದ್ರೂ ಬರ್ಲಿಲ್ಲ ನೀವು.”

ಕುಸುಮಾಳ ಬಾಯಿ ತುಂಬ ಹತ್ತಿ ಇತ್ತು. ಮಾತಾಡುವಂತಿರಲಿಲ್ಲ. ಅವಳು ತಲೆ ತಿರುಗಿಸಲಿಲ್ಲ, ಕಣ್ಣನ್ನು ಮಾತ್ರ ಮೂಲೆಯ ಸ್ಟೂಲಿಗೆ ತಿರುಗಿಸಿದಳು. ಹಾಲೇಶ ಮಡಿಲಿನ ಚೀಲದ ಜಿಪ್ಪನ್ನು ತೆರೆದ, ಮುಚ್ಚಿದ. ಈಗ ಕೂಗುತ್ತಾಳೆ, ಹತ್ತಿ ಉಗಿದು ಎಲ್ಲರೆದುರು ಮಾನ ಕಳೆಯುತ್ತಾಳೆ ಎಂದು ಕಾದ. ಕಳೆಯಲಿ ಎಂದೂ ಕಾದ. ಡಾಕ್ಟರು ಅರೆದ ಸೆಟ್ಟನ್ನು ಮತ್ತೆ ಅಂಟಿಸಿ ಹತ್ತಿ ತೆಗೆದರು. ಅವಳು ಬಾಯಿ ಮುಕ್ಕಳಿಸಿದಳು, ಸೆರಗಿನಿಂದ ಒರೆಸಿಕೊಂಡಳು.

“ನಂದೇ ತಪ್ಪು ಸಾರ್” ಎಂದಳು. “ಅಂಗನವಾಡೀಲಿ ಮೀಟಿಂಗ್ ಇತ್ತು. ಇವ್ರು ಹೇಳಿದ್ರು, ನಾನೇ ಆಮೇಲೆ ಹೋದ್ರಾಯ್ತು ಅಂದೆ.”

“ಛೆ” ಎಂದರು ಡಾಕ್ಟರು. “ಮೊದ್ಲಿಂದ ಶುರು ಮಾಡ್ಬೇಕು. ಗುಳಿ ಬರತ್ತೆ. ಎಡಗಡೆ ಮೊನೆ ಮಾತ್ರ ಪೂರ್ತಿ ಏಳಲ್ಲ ಅನ್ಸತ್ತೆ. ಪಿಂಗಾಣಿ ಹಾಕಿದ್ಮೇಲೂ ಆ ಸಂದೀಲಿ ಒಂದು ಸಣ್ಣ ಕಪ್ಪು ಕಾಣ್ಬೋದು.”

ಒಂದು ಸಣ್ಣ ಕಪ್ಪು. ಅವಳು ಕೈಗನ್ನಡಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಕೆಳಗಿಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೈ ಚಾಚಿದಳು. “ಫೋನ್ ಕೊಡಿ.” ಕೊಟ್ಟ. ಅಳಿಸಿಹಾಕುವುದು ಅವನಿಗೆ ಹೊಳೆದೇ ಇರಲಿಲ್ಲ. ಅಥವಾ ಮತ್ತೆ ಕೇಳಬೇಕೆಂದು ಇಟ್ಟುಕೊಂಡಿದ್ದನೋ. ಬಸ್ಸುಗಳ ಸದ್ದಿನಲ್ಲಿ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಎರಡನ್ನೂ ಪೂರ್ತಿ ಕೇಳಿದಳು. ಇವನು ಬರೆದ ಸ್ಪ್ರಿಂಕ್ಲರಿನ ಸಾಲನ್ನೂ ಓದಿದಳು. ವಾಪಸ್ ಕೊಟ್ಟಳು.

“ಎಷ್ಟು ಸಲ ಕೇಳಿದ್ರಿ ಇದನ್ನ?”

“ಒಂದ್ಸಲ.”

ಅವಳು ತಲೆ ಆಡಿಸಿದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವನ ಬಳಿ ಉತ್ತರ ಇತ್ತು. ಕ್ಲಿನಿಕ್ಕಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಮೂರು ಉತ್ತರ ಸಿದ್ಧಮಾಡಿಕೊಂಡಿದ್ದ, ಒಂದರಲ್ಲಿ ಅಳುವುದೂ ಇತ್ತು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ಅವನು ಪಕ್ಕದಲ್ಲಿ. ಗುರುವಯ್ಯ ಚೀಟಿ ಹರಿಯುತ್ತ ಬಂದು, “ಏನ್ರೀ ಟೀಚರಮ್ಮ, ಈಚೆಗೆ ಕಾಣ್ಲೇ ಇಲ್ಲ, ರೈಟರು ಕೂಡಿ ಹಾಕಿದ್ರಾ?” ಎಂದ. ಕುಸುಮಾ ನಕ್ಕಳು. ಅರೆದು ಗಿಡ್ಡ ಮಾಡಿದ ಹಲ್ಲು, ಬುಡಕ್ಕೂ ವಸಡಿಗೂ ನಡುವೆ ಅಂತರ ಕಾಣುತ್ತಿತ್ತು, ಆದರೂ ನಕ್ಕಳು, ಕೈ ಮಡಿಲಲ್ಲಿಟ್ಟುಕೊಂಡು. “ಇಲ್ಲ ಗುರುವಯ್ಯ, ನಾನೇ ಮನೇಲಿದ್ದೆ” ಎಂದಳು. ಹಿಂದಿನ ಸೀಟಿನ ಹೆಂಗಸರ ಜೊತೆ ಹಾಗೇ ಬಾಯಿ ತೆರೆದು ಮಾತಾಡಿದಳು. ಅವಳು ಸಿಟ್ಟಾಗಿಲ್ಲವೇನೋ, ಕ್ಷಮಿಸಿದಳೇನೋ, ಬಚಾವಾದೆನೇನೋ ಎಂದು ಅವನು ಗೋಣಿಬೀಡಿನವರೆಗೆ ಲೆಕ್ಕ ಹಾಕುತ್ತ ಬಂದ.

ಎಸ್ಟೇಟಿನ ಗೇಟಿನಿಂದ ಮನೆಗೆ ಅರ್ಧ ಮೈಲಿ. ಹೋದ ವಾರವೇ ನೀರು ಕೊಟ್ಟಿದ್ದ ಒಂದನೇ ಬ್ಲಾಕಿನಲ್ಲಿ ಹೂವು ಬಿಟ್ಟಿತ್ತು; ದಾರಿಯ ಎರಡೂ ಕಡೆ ಗಿಡಗಳು ಬೆಳ್ಳಗೆ, ಜೇನ್ನೊಣಗಳ ಸದ್ದು. ಅವಳು ಮುಂದೆ, ಅವನು ಚೀಲ ಹಿಡಿದು ಹಿಂದೆ. ಏನಾದರೂ ಹೇಳಬೇಕಿತ್ತು. ಸ್ಪ್ರಿಂಕ್ಲರಿನಿಂದ ಒದ್ದೆಯಾಗಿದ್ದ ತಿರುವಿನಲ್ಲಿ, ತಪ್ಪಾಯಿತು ಎನ್ನಲು ಬಾಯಿ ತೆರೆದವನು ಕಾಲು ಜಾರಿ, ಚೀಲ ಎದೆಗೆ ಅವಚಿಕೊಂಡೇ, ಕೆಸರಿನಲ್ಲಿ ಕುಕ್ಕರಿಸಿ ಕೂತುಬಿಟ್ಟ. ಆ ಸದ್ದಿಗೆ ಅವಳು ತಿರುಗಿದಳು. ರೈಟರು ಕೆಸರಿನಲ್ಲಿ, ಮಡಿಲಲ್ಲಿ ಹೆಂಗಸಿನ ಚೀಲ. ಅವಳಿಗೆ ನಗು ತಡೆಯಲಾಗಲಿಲ್ಲ, ಉಕ್ಕಿ ಬಂತು. ಅವನಿಗೂ ಬಂತು. ಸದ್ಯ, ನಕ್ಕಳಲ್ಲ ಎಂದು ತಲೆ ಎತ್ತಿ ನೋಡಿದ.

ಅವಳ ಬಲಗೈ ಬಾಯಿಯ ಮೇಲಿತ್ತು. ಬೇಕೆಂದು ಇಟ್ಟದ್ದಾಗಿರಲಿಲ್ಲ, ತಾನಾಗಿಯೇ ಎದ್ದು ಬಂದಿತ್ತು, ಬೆರಳುಗಳು ಒತ್ತಾಗಿ ಸೇರಿಕೊಂಡು, ಹೆಣ್ಣು ನೋಡಲು ಹೋದ ದಿನ ಇದ್ದ ಹಾಗೆಯೇ. ಅವಳು ನಗುತ್ತಲೇ ಇದ್ದಳು, ಭುಜ ಕುಣಿಯುತ್ತಿತ್ತು. “ಏಳಿ” ಎಂದಳು ಕೈಯ ಹಿಂದಿನಿಂದ. “ಹಂಗೇ ಕೂತ್ರೆ ಹೆಂಗೆ, ಬಂಡೆ ಹತ್ಬೇಕಲ್ಲ ನೀವು.” ಅವನು ಎದ್ದು ನಿಂತು ಚೀಲ ಒರೆಸಿದ. ಮನೆಯ ಬಾಗಿಲು ತೆಗೆದು ಒಳಗೆ ಹೋಗಿ, ಮಾತಾಡಲು ಅವನ ಕಡೆ ತಿರುಗಿದಾಗಲೂ ಅವಳ ಕೈ ಗಲ್ಲದ ಹತ್ತಿರವೇ ಇತ್ತು.